ಟ್ಯಾಗಿನಲ್ಲಿ ಪರಿಸರ, ಬಕೆಟ್‌ನಲ್ಲಿ ಬಣ್ಣ

ಬಣ್ಣ ಹೋದರೆ ಅದು ‘ನೈಸರ್ಗಿಕ ಬಣ್ಣದ ಗುಣ’. ಹೊಲಿಗೆ ಬಿಚ್ಚಿದರೆ ಅದು ‘ಕೈಕೆಲಸದ ಸೊಗಸು’. ಪಾರ್ಸೆಲ್ ಮೂರು ವಾರ ತಡವಾದರೆ ಅದು ‘ಸ್ಲೋ ಫ್ಯಾಷನ್’. ಅಳತೆ ಸರಿಯಾಗದ ಬಟ್ಟೆಯನ್ನು ವಾಪಸ್ ತೆಗೆದುಕೊಳ್ಳದಿದ್ದರೆ ಅದು ‘ಸಾಗಣೆಯ ಕಾರ್ಬನ್ ಉಳಿತಾಯ’.

ಪರಿಸರಸ್ನೇಹಿ ಎಂದು ಹೇಳಿಕೊಳ್ಳುವ ಬಟ್ಟೆ ಬ್ರ್ಯಾಂಡ್‌ಗಳಿಂದ ಕಳೆದ ಒಂದು ವರ್ಷದಲ್ಲಿ ನನಗೆ, ಹಾಸ್ಟೆಲ್‌ನ ನನ್ನ ರೂಮ್‌ಮೇಟ್‌ಗೆ ಮತ್ತು ದೊಡ್ಡಪ್ಪನ ಮಗಳು ಅಕ್ಕನಿಗೆ ಬಂದ ಉತ್ತರಗಳಿವು. ಮೂವರೂ ಬೇರೆ ಬೇರೆ ಕಡೆ ಕೊಂಡವರು. ಆದರೆ ದೂರು ಹೇಳಿದಾಗ ಸಿಕ್ಕಿದ್ದು ಒಂದೇ ಧಾಟಿಯ ಮಾತು: ಕೊರತೆ ಬಟ್ಟೆಯಲ್ಲಿಲ್ಲ, ಅದನ್ನು ಅರ್ಥ ಮಾಡಿಕೊಳ್ಳದ ನಿಮ್ಮಲ್ಲಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲದ ಬದಲು ಗಿರಾಕಿಯನ್ನೇ ಡೊಂಕು ಎನ್ನುತ್ತಾರೆ.

ನಾವು ಇಂಥ ಬಟ್ಟೆ ಕೊಳ್ಳಲು ಹೋಗಿದ್ದಕ್ಕೆ ಕಾರಣವಿತ್ತು. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಸಮೀಪದ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಮಹಡಿಯ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರು. ಹೆಚ್ಚಿನವರು ಅಲ್ಲಿನ ಸಿದ್ಧ ಉಡುಪು ಕಾರ್ಖಾನೆಗಳ ಕಾರ್ಮಿಕರು. ಗೋಡೆಯಲ್ಲಿ ಬಿರುಕು ಕಂಡಿದ್ದರೂ ಮರುದಿನ ಅವರನ್ನು ಕೆಲಸಕ್ಕೆ ಕರೆಸಲಾಗಿತ್ತು. ಅವರು ಹೊಲಿಯುತ್ತಿದ್ದದ್ದು ವಿದೇಶಿ ಮಳಿಗೆಗಳಿಗೆ ಹೋಗುವ ಅಗ್ಗದ ಬಟ್ಟೆಗಳನ್ನು. ಇತ್ತ ಪಾಲಿಯೆಸ್ಟರ್ ಬಟ್ಟೆ ಒಗೆದಾಗಲೆಲ್ಲ ಪ್ಲಾಸ್ಟಿಕ್‌ನ ಸೂಕ್ಷ್ಮ ಎಳೆಗಳು ನೀರಿಗೆ ಸೇರುತ್ತವೆ. ಇದನ್ನೆಲ್ಲ ಓದಿದ ಮೇಲೆ, 399 ರೂಪಾಯಿಯ ನಾಲ್ಕು ಟಾಪ್ ಬದಲು ಒಂದೇ ಒಳ್ಳೆಯ ಕುರ್ತಾ ಕೊಂಡು ನಾಲ್ಕು ವರ್ಷ ಹಾಕೋಣ ಎಂದು ನಮ್ಮ ವಯಸ್ಸಿನ ಅನೇಕರಿಗೆ ಅನಿಸಿದೆ. ಆ ಯೋಚನೆ ಇವತ್ತಿಗೂ ಸರಿ ಎಂದೇ ನಾನು ನಂಬಿದ್ದೇನೆ. ನನ್ನ ತಕರಾರು ಆ ಯೋಚನೆಯನ್ನೇ ಸರಕು ಮಾಡಿಕೊಂಡು ಮಾರುವವರ ಬಗ್ಗೆ.

2,350 ರೂಪಾಯಿಯ ಕುರ್ತಾ

ಪಿಯುಸಿ ಹುಡುಗರಿಗೆ ಗಣಿತ ಟ್ಯೂಷನ್ ಹೇಳಿ ಉಳಿಸಿದ ದುಡ್ಡಿನಲ್ಲಿ, ಇಂಟರ್ನ್‌ಶಿಪ್ ಸಂದರ್ಶನಕ್ಕೆಂದು ನಾನು ಇಟ್ಟಿಗೆ ಬಣ್ಣದ ಕುರ್ತಾ ಒಂದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಬೆಲೆ 2,350 ರೂಪಾಯಿ. ಟ್ಯಾಗಿನ ಮೇಲೆ ‘100% ಸಾವಯವ ಹತ್ತಿ’, ‘ಸಸ್ಯಜನ್ಯ ಬಣ್ಣ’, ‘ಭೂಮಿಗೆ ಹಿತ’ ಎಂಬ ಮೂರು ಮಾತು. ಟ್ಯಾಗು ಬೀಜ ಬೆರೆಸಿದ ಕಾಗದದ್ದು, ಮಣ್ಣಿಗೆ ಹಾಕಿದರೆ ಗಿಡ ಬರುತ್ತದಂತೆ. ಪೊಟ್ಟಣಕ್ಕೆ ಸೆಣಬಿನ ದಾರ. ನೋಡಲು ಎಲ್ಲವೂ ಚೆಂದ.

ಟ್ಯಾಗ್ ಹೇಳಿದಂತೆಯೇ ತಣ್ಣೀರಿನಲ್ಲಿ ಬೇರೆಯಾಗಿ ಒಗೆದೆ. ಬಕೆಟ್ ನೀರು ಕೆಂಪಾಯಿತು. ಮೊದಲ ಸಲ ಹೀಗಾಗುವುದುಂಟು ಎಂದು ಸುಮ್ಮನಿದ್ದೆ. ಮೂರನೇ ಸಲವೂ ಅಷ್ಟೇ ಕೆಂಪು. ಐದನೇ ಸಲಕ್ಕೆ ಕಂಕುಳ ಬಳಿ, ಭುಜದ ಮೇಲೆ ತೇಪೆ ತೇಪೆಯಾಗಿ ಬಿಳಚಿಕೊಂಡಿತು. ಸಂದರ್ಶನಕ್ಕೆ ಹಳೆಯ ಚೂಡಿದಾರವನ್ನೇ ಹಾಕಿಕೊಂಡು ಹೋದೆ.

ಬ್ರ್ಯಾಂಡ್‌ಗೆ ಇಮೇಲ್ ಬರೆದು ಮೂರು ಪ್ರಶ್ನೆ ಕೇಳಿದೆ. ಯಾವ ಗಿಡದ ಬಣ್ಣ ಬಳಸಿದ್ದೀರಿ? ಹತ್ತಿ ಸಾವಯವ ಎಂದು ದೃಢೀಕರಿಸಿದವರು ಯಾರು? ಬಣ್ಣ ಎಷ್ಟು ಗಟ್ಟಿ ಎಂಬ ಪರೀಕ್ಷೆ ಮಾಡಿಸಿದ್ದೀರಾ? ಒಂಬತ್ತು ದಿನಕ್ಕೆ ಉತ್ತರ ಬಂತು. ನೈಸರ್ಗಿಕ ಬಣ್ಣ ಜೀವಂತ, ಅದು ನಿಮ್ಮೊಂದಿಗೆ ಬದಲಾಗುತ್ತಾ ಹೋಗುತ್ತದೆ, ಆ ಪಯಣವನ್ನು ಆನಂದಿಸಿ ಎಂಬ ಅರ್ಥದ ನಾಲ್ಕು ಸಾಲು. ಕೊನೆಯಲ್ಲಿ ಮುಂದಿನ ಖರೀದಿಗೆ 250 ರೂಪಾಯಿಯ ಕೂಪನ್. ನನ್ನ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರವಿರಲಿಲ್ಲ.

ಸಸ್ಯಜನ್ಯ ಬಣ್ಣದ ಬಗ್ಗೆ ಇಲ್ಲೊಂದು ಮಾತು ಹೇಳಬೇಕು. ಅದು ಬಿಸಿಲಿಗೆ ನಿಧಾನವಾಗಿ ಮಾಸುವುದು ನಿಜ. ಆದರೆ ಪ್ರತಿ ಸಲ ಬಕೆಟ್ ತುಂಬ ಹರಿಯುವುದು ಅದರ ಸ್ವಭಾವವಲ್ಲ. ಬಟ್ಟೆಗೆ ಬಣ್ಣ ಕಚ್ಚಲಿ ಎಂದು ಮೊದಲೇ ಅಳಲೆಕಾಯಿ, ಪಟಿಕದಂಥ ಪದಾರ್ಥಗಳಲ್ಲಿ ನೆನೆಸುವ ಪದ್ಧತಿ ನಮ್ಮಲ್ಲಿ ಬಹಳ ಹಿಂದಿನಿಂದ ಇದೆ. ಆ ಕೆಲಸ ಸರಿಯಾಗಿ ಆಗಿದ್ದರೆ, ಹೆಚ್ಚಾಗಿ ಉಳಿದ ಬಣ್ಣ ಒಂದೆರಡು ಒಗೆತದಲ್ಲಿ ಹೋಗಿ ಮಿಕ್ಕಿದ್ದು ನಿಲ್ಲುತ್ತದೆ. ಒಗೆದಾಗ ಬಣ್ಣ ಎಷ್ಟು ನಿಲ್ಲುತ್ತದೆ ಎಂದು ಅಳೆಯಲು ಅಂತರರಾಷ್ಟ್ರೀಯ ಮಾನದಂಡವೇ ಇದೆ. ಐಎಸ್‌ಒ 105 ಎಂಬ ಸರಣಿಯ ಪರೀಕ್ಷೆಗಳಲ್ಲಿ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. 5 ಎಂದರೆ ಬದಲಾವಣೆಯೇ ಇಲ್ಲ, 1 ಎಂದರೆ ತೀರಾ ಕಳಪೆ. ಬಣ್ಣ ಗಿಡದ್ದಾಗಲಿ, ಕಾರ್ಖಾನೆಯದ್ದಾಗಲಿ, ಪರೀಕ್ಷೆ ಒಂದೇ.

ನಾನು ಮೆಕ್ಯಾನಿಕಲ್ ವಿದ್ಯಾರ್ಥಿನಿ. ನಮ್ಮ ಡ್ರಾಯಿಂಗ್‌ನಲ್ಲಿ ಒಂದು ಕಂಬಿಯ ವ್ಯಾಸ 20 ಮಿ.ಮೀ. ಎಂದು ಬರೆದರೆ ಸಾಲದು, ಎಷ್ಟು ಹೆಚ್ಚು ಕಡಿಮೆ ಆದರೆ ನಡೆಯುತ್ತದೆ ಎಂಬ ಟಾಲರೆನ್ಸ್ ಕೂಡ ಬರೆಯಬೇಕು. ಯಾವ ಯಂತ್ರವೂ ಕರಾರುವಾಕ್ಕಾಗಿ 20 ಕೊಡುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಹಾಗಂತ 23 ಮಿ.ಮೀ. ಕಂಬಿ ತಂದುಕೊಟ್ಟು ‘ಇದು ಯಂತ್ರದ ಸಹಜ ಸೊಗಸು’ ಎಂದರೆ ಲ್ಯಾಬ್‌ನಲ್ಲಿ ಯಾರೂ ಒಪ್ಪುವುದಿಲ್ಲ. ಕೈಯಿಂದ ಮಾಡಿದ ಬಟ್ಟೆಯಲ್ಲಿ ಏರುಪೇರು ಇದ್ದೇ ಇರುತ್ತದೆ. ಎಷ್ಟರವರೆಗೆ ಏರುಪೇರು, ಎಲ್ಲಿಂದಾಚೆಗೆ ದೋಷ ಎಂಬ ಗೆರೆಯನ್ನು ಮಾರುವವರು ಮೊದಲೇ ಎಳೆಯಬೇಕು. ಗೆರೆಯೇ ಇಲ್ಲದಿದ್ದರೆ ಎಲ್ಲ ದೋಷವೂ ಸೊಗಸಾಗಿಬಿಡುತ್ತದೆ.

ಬಿದಿರು ಎಲ್ಲಿ ಹೋಯಿತು?

ನನ್ನ ರೂಮ್‌ಮೇಟ್ ಕೊಂಡದ್ದು ‘ಬಿದಿರಿನ’ ಟೀ ಶರ್ಟ್. ಬೆಲೆ 1,199 ರೂಪಾಯಿ. ಬಿದಿರಿಗೆ ಕೀಟನಾಶಕ ಬೇಡ, ನೀರು ಕಡಿಮೆ ಸಾಕು, ಬಟ್ಟೆ ತಾನಾಗಿಯೇ ಬ್ಯಾಕ್ಟೀರಿಯಾ ತಡೆಯುತ್ತದೆ, ಬೆವರಿನ ವಾಸನೆ ಬರುವುದಿಲ್ಲ ಎಂದು ಜಾಹೀರಾತು. ಎರಡು ತಿಂಗಳಲ್ಲಿ ಬಟ್ಟೆಯ ಮೇಲೆಲ್ಲ ಸಣ್ಣ ಸಣ್ಣ ಗಂಟು ಎದ್ದವು, ಕೊರಳು ಜೋತುಬಿತ್ತು. ವಾಸನೆಯಂತೂ ಎಲ್ಲ ಟೀ ಶರ್ಟ್‌ಗಳಂತೆಯೇ ಬಂತು. ಒಳಗೆ ಪಕ್ಕೆಯಲ್ಲಿ ಹೊಲಿದಿದ್ದ ಪುಟ್ಟ ಲೇಬಲ್ ಓದಿದೆವು: ವಿಸ್ಕೋಸ್ 95%, ಎಲಾಸ್ಟೇನ್ 5%. ಬಿದಿರಿನ ಹೆಸರೇ ಇರಲಿಲ್ಲ.

ಮೋಸ ಹೊರಗಿನ ದೊಡ್ಡ ಅಕ್ಷರಕ್ಕೂ ಒಳಗಿನ ಸಣ್ಣ ಅಕ್ಷರಕ್ಕೂ ನಡುವಿನ ಜಾಗದಲ್ಲಿದೆ. ಬಿದಿರನ್ನು ನೇರವಾಗಿ ಜಜ್ಜಿ ನಾರು ತೆಗೆದು ನೂಲು ಮಾಡಬಹುದು, ಆದರೆ ಅದು ದುಬಾರಿ, ಅಪರೂಪ, ಒರಟು. ಮೆತ್ತಗೆ ಜಾರುವ ‘ಬಿದಿರು ಬಟ್ಟೆ’ ಸಾಮಾನ್ಯವಾಗಿ ವಿಸ್ಕೋಸ್, ಅಂದರೆ ರೇಯಾನ್. ಮರ ಅಥವಾ ಬಿದಿರಿನ ತಿರುಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡ್ ಜೊತೆ ಸೇರಿಸಿ, ಮಂದ ದ್ರವ ಮಾಡಿ, ಸಲ್ಫ್ಯೂರಿಕ್ ಆಮ್ಲದ ತೊಟ್ಟಿಯೊಳಗೆ ಸಣ್ಣ ರಂಧ್ರಗಳ ಮೂಲಕ ಎಳೆ ಎಳೆಯಾಗಿ ಇಳಿಸುತ್ತಾರೆ. ಕಾರ್ಬನ್ ಡೈಸಲ್ಫೈಡ್ ಹೆಚ್ಚು ಕಾಲ ಉಸಿರಾಡಿದ ಕಾರ್ಮಿಕರ ನರಗಳಿಗೆ ಹಾನಿಯಾಗುತ್ತದೆ. ಕೊನೆಗೆ ಉಳಿಯುವುದು ಸೆಲ್ಯುಲೋಸ್ ಮಾತ್ರ. ಅದು ಬಿದಿರಿನಿಂದ ಬಂತೋ ನೀಲಗಿರಿಯಿಂದ ಬಂತೋ ಎಂದು ಎಳೆಗೆ ನೆನಪಿರುವುದಿಲ್ಲ.

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದೇ ವಿಷಯಕ್ಕೆ 2009ರಿಂದ ಕಂಪನಿಗಳ ಮೇಲೆ ಕ್ರಮ ಕೈಗೊಳ್ಳುತ್ತಾ ಬಂದಿದೆ. ರೇಯಾನ್ ಬಟ್ಟೆಯನ್ನು ಬಿದಿರು ಎಂದು ಮಾರಿದ ಎರಡು ದೊಡ್ಡ ಮಳಿಗೆ ಸರಣಿಗಳು 2022ರಲ್ಲಿ ಒಟ್ಟು 55 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಬೇಕಾಯಿತು.

‘ಗಿಡದಿಂದ ಬಂದದ್ದು, ಹಾಗಾಗಿ ಒಳ್ಳೆಯದು’ ಎಂಬ ಮಾತನ್ನು ಕರ್ನಾಟಕದವರಾದ ನಾವಂತೂ ಸುಲಭವಾಗಿ ನಂಬಬಾರದು. ಹರಿಹರದ ಬಳಿ ತುಂಗಭದ್ರೆಯ ದಂಡೆಯಲ್ಲಿ ರೇಯಾನ್‌ಗೆ ಬೇಕಾದ ತಿರುಳು ತಯಾರಿಸುವ ಕಾರ್ಖಾನೆ ಬಂದ ಮೇಲೆ, ಹೊಳೆಯ ನೀರು ಕೆಟ್ಟು ಮೀನು ಸಾಯುತ್ತಿವೆ ಎಂದು 1980ರ ದಶಕದಲ್ಲಿ ದೊಡ್ಡ ಹೋರಾಟ ನಡೆಯಿತು. ತಿರುಳಿಗೆ ಬೇಕಾದ ನೀಲಗಿರಿ ಬೆಳೆಸಲು ಹಳ್ಳಿಗಳ ಸಾಮೂಹಿಕ ಭೂಮಿಯನ್ನು ಜಂಟಿ ಕಂಪನಿಯೊಂದಕ್ಕೆ ಕೊಡುವ ಯೋಜನೆ ಬಂದಾಗ, 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಮೇವು, ಹಣ್ಣಿನ ಸಸಿಗಳನ್ನು ನೆಟ್ಟರು. ಅದೇ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ. ನಮ್ಮ ಅಪ್ಪ ಅಮ್ಮನ ಕಾಲದಲ್ಲಿ ರೈತರು ವಿರೋಧಿಸಿದ ಉದ್ಯಮದ ಅದೇ ಬಗೆಯ ಎಳೆ, ಈಗ ಹಸಿರು ಎಲೆಯ ಚಿತ್ರ ಹೊತ್ತು ನಮ್ಮ ಮೊಬೈಲ್‌ಗೆ ಬರುತ್ತಿದೆ.

ದ್ರಾವಕವನ್ನು ಹೊರಗೆ ಬಿಡದೆ ಮತ್ತೆ ಮತ್ತೆ ಬಳಸುವ ಲಯೋಸೆಲ್ ಎಂಬ ವಿಧಾನವೂ ಇದೆ, ಅದು ಇದಕ್ಕಿಂತ ಎಷ್ಟೋ ವಾಸಿ. ಹಾಗೆ ಮಾಡಿದ್ದರೆ ಹಾಗೆಂದೇ ಬರೆಯಲಿ. ಬಿದಿರಿನ ಚಿತ್ರ ಹಾಕಿದರೆ ವಿಧಾನ ಯಾವುದು ಎಂಬುದು ತಿಳಿಯುವುದಿಲ್ಲ.

ಕೊಂಡಿ ಇಲ್ಲದ ಇಳಕಲ್ ಸೀರೆ

ಮೂರನೆಯದು ಅಕ್ಕನ ಸೀರೆ. ‘ನೇಕಾರರಿಂದ ನೇರವಾಗಿ’ ಎಂದು ಹೇಳಿಕೊಳ್ಳುವ ಇನ್‌ಸ್ಟಾಗ್ರಾಂ ಪುಟವೊಂದರಲ್ಲಿ 4,800 ರೂಪಾಯಿ ಕೊಟ್ಟು ‘ಅಪ್ಪಟ ಕೈಮಗ್ಗದ ಇಳಕಲ್ ಸೀರೆ’ ತರಿಸಿದ್ದಳು. ಜೊತೆಗೆ ಮಗ್ಗದ ಮುಂದೆ ಕೂತ ಅಜ್ಜಿಯ ಫೋಟೊ ಇದ್ದ ಒಂದು ಕಾರ್ಡ್. ಅಕ್ಕನ ಅತ್ತೆ ಇಳಕಲ್‌ನವರೇ, ಮೊಣಕಾಲು ನೋವು ಶುರುವಾಗುವ ತನಕ ಕುಣಿಮಗ್ಗದಲ್ಲಿ ನೇಯ್ದವರು. ಸೀರೆ ಬಿಚ್ಚಿ, ಸೆರಗು ಮತ್ತು ಒಡಲು ಸೇರುವ ಜಾಗವನ್ನು ಬೆರಳಿನಿಂದ ಸವರಿ ನೋಡಿದರು.

‘ಇದಕ್ಕ ಕೊಂಡಿನ ಇಲ್ಲಲ್ಲವಾ! ಪವರ್‌ಲೂಮಿಂದು ಇದು. ಸೀರಿ ಛಲೋನ ಐತಿ, ಸುಳ್ಳು ಹೇಳಿ ಮಾರ್ಯಾರ ಅಷ್ಟ’ ಎಂದರು.

ಕೊಂಡಿ ಎಂದರೆ ಇಳಕಲ್ ಸೀರೆಯ ಗುರುತು. ಒಡಲಿನ ಹಾಸಿನ ಎಳೆಗಳಿಗೂ ಸೆರಗಿನ ಹಾಸಿನ ರೇಷ್ಮೆ ಎಳೆಗಳಿಗೂ ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸುತ್ತಾರೆ. ಪ್ರತಿ ಸೀರೆಗೂ ಆ ಕೆಲಸ ಬೇರೆಯಾಗಿ ಮಾಡಬೇಕು. ಹಾಗೆ ಜೋಡಿಸಿದ ಮೇಲೆಯೇ ಆ ಕೆಂಪು ‘ತೋಪ್ ತೆನಿ’ ಸೆರಗು ನೇಯುವುದು. ಇಳಕಲ್ ಸೀರೆಗೆ ಭೌಗೋಳಿಕ ಸೂಚಿ ಮಾನ್ಯತೆಯೂ ಇದೆ.

ಅತ್ತೆಯವರ ಮಾತಿನಲ್ಲಿ ನನಗೆ ನಾಟಿದ್ದು ‘ಸೀರಿ ಛಲೋನ ಐತಿ’ ಎಂಬುದು. ವಿದ್ಯುತ್ ಮಗ್ಗದ ಸೀರೆ ಕೆಟ್ಟದ್ದಲ್ಲ. ಅದನ್ನು ನೇಯುವವರಿಗೂ ಹೊಟ್ಟೆಪಾಡು ಇದೆ. ಅದಕ್ಕೆ ಅದರ ಬೆಲೆ ಇದೆ. ಆದರೆ ಅದನ್ನು ಕೈಮಗ್ಗದ ಬೆಲೆಗೆ, ಕೈಮಗ್ಗದ ಹೆಸರಲ್ಲಿ, ಯಾವುದೋ ಅಜ್ಜಿಯ ಮುಖ ತೋರಿಸಿ ಮಾರಿದರೆ ಹಣ ಆ ಅಜ್ಜಿಗೆ ಹೋಗುವುದಿಲ್ಲ. 2019–20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ 35 ಲಕ್ಷಕ್ಕೂ ಹೆಚ್ಚು ಮಂದಿ ಕೈಮಗ್ಗವನ್ನು ನಂಬಿದ್ದಾರೆ, ಅವರಲ್ಲಿ ಹೆಚ್ಚಿನವರು ಹೆಂಗಸರು. ಮೂರರಲ್ಲಿ ಎರಡು ಪಾಲು ನೇಕಾರ ಕುಟುಂಬಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. ಅಂದರೆ ಅಕ್ಕ ಒಂದು ಸೀರೆಗೆ ಕೊಟ್ಟ ದುಡ್ಡು, ಒಂದು ನೇಕಾರ ಮನೆ ತಿಂಗಳಿಡೀ ದುಡಿದು ನೋಡುವ ದುಡ್ಡಿಗೆ ಹತ್ತಿರ ಹತ್ತಿರ.

ಒಂದು ಗುರುತು, ಒಂದೇ ಉತ್ತರ

ಹಾಗಾದರೆ ಪ್ರಮಾಣಪತ್ರ ನೋಡಿ ಕೊಂಡರಾಯಿತಲ್ಲ ಎಂದು ನೀವು ಕೇಳಬಹುದು. ನೋಡಲೇಬೇಕು. ಆದರೆ ಯಾವ ಗುರುತು ಯಾವ ಪ್ರಶ್ನೆಗೆ ಉತ್ತರ ಎಂಬುದು ಗೊತ್ತಿರಬೇಕು.

2006ರಲ್ಲಿ ಬಂದ ‘ಹ್ಯಾಂಡ್‌ಲೂಮ್ ಮಾರ್ಕ್’ ಬಟ್ಟೆ ಕೈಮಗ್ಗದಲ್ಲಿ ನೇಯ್ದದ್ದು ಎಂದಷ್ಟೇ ಹೇಳುತ್ತದೆ. ಹತ್ತಿ ಸಾವಯವವೇ, ಬಣ್ಣ ಗಿಡದ್ದೇ ಎಂದು ಅದು ಹೇಳುವುದಿಲ್ಲ. ‘ಖಾದಿ ಮಾರ್ಕ್’ ಇದ್ದರೆ ನೂಲನ್ನೂ ಕೈಯಿಂದ ತೆಗೆದಿದ್ದಾರೆ, ನೇಯ್ಗೆಯೂ ಕೈಯದ್ದು ಎಂದರ್ಥ. ಖಾದಿ ಮಳಿಗೆಗಳಲ್ಲೇ ‘ಪಾಲಿವಸ್ತ್ರ’ ಎಂಬ ಪಾಲಿಯೆಸ್ಟರ್ ಬೆರೆತ ಬಟ್ಟೆಯೂ ಸಿಗುತ್ತದೆ. ಹಾಗಾಗಿ ಮಳಿಗೆಯ ಬೋರ್ಡ್ ನೋಡಿದರೆ ಸಾಲದು, ಬಟ್ಟೆಯ ಲೇಬಲ್ ನೋಡಬೇಕು. ‘ಸಿಲ್ಕ್ ಮಾರ್ಕ್’ ಹೇಳುವುದು ಅಪ್ಪಟ ರೇಷ್ಮೆಯೇ ಎಂಬುದನ್ನು ಮಾತ್ರ. ಸಾವಯವ ಬಟ್ಟೆಗೆ ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರುವುದು ‘ಗಾಟ್ಸ್’ ಎಂಬ ಜಾಗತಿಕ ಮಾನದಂಡ. ಅದರಲ್ಲಿ ‘ಸಾವಯವ’ ಎಂದು ಬರೆಯಲು ಕನಿಷ್ಠ 95%, ‘ಸಾವಯವ ಎಳೆ ಬಳಸಿದ್ದು’ ಎಂದು ಬರೆಯಲು ಕನಿಷ್ಠ 70% ಸಾವಯವ ಎಳೆ ಇರಬೇಕು.

ಪ್ರಮಾಣಪತ್ರವೂ ಕೊನೆಯ ಮಾತಲ್ಲ. 2020ರಲ್ಲಿ ಗಾಟ್ಸ್ ಸಂಸ್ಥೆಯೇ ಭಾರತದಲ್ಲಿ ಸುಮಾರು 20,000 ಟನ್ ಹತ್ತಿಯನ್ನು ಸುಳ್ಳು ದಾಖಲೆಗಳ ಮೂಲಕ ಸಾವಯವ ಎಂದು ತೋರಿಸಲಾಗಿದೆ ಎಂದು ಪತ್ತೆಹಚ್ಚಿ, ಹನ್ನೊಂದು ಕಂಪನಿಗಳ ಮೇಲೆ ನಿಷೇಧ ಹೇರಿತು. ಹೊಲದಿಂದ ಜಿನ್ನಿಂಗ್ ಮಿಲ್‌ಗೆ, ಅಲ್ಲಿಂದ ನೂಲಿನ ಗಿರಣಿಗೆ, ಬಣ್ಣದ ಘಟಕಕ್ಕೆ, ಹೊಲಿಗೆಗೆ ಹೋಗುವಾಗ ಹತ್ತಿಯ ಜೊತೆ ಕಾಗದವೂ ಪ್ರಯಾಣ ಮಾಡುತ್ತದೆ. ಎಲ್ಲೋ ಒಂದು ಕಡೆ ಕಾಗದ ಸುಳ್ಳಾದರೆ, ಮುಂದಿನವರೆಲ್ಲ ಪ್ರಾಮಾಣಿಕರಾಗಿದ್ದರೂ ಬಟ್ಟೆ ಸುಳ್ಳೇ.

ಆದರೂ ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಆ ಮೋಸ ಸಿಕ್ಕಿಬಿದ್ದದ್ದು ಕಾಗದ ಇದ್ದದ್ದರಿಂದ. ದಾಖಲೆ ಇದ್ದರೆ ಸುಳ್ಳನ್ನು ಹಿಡಿಯಬಹುದು. ‘ಭೂಮಿಗೆ ಹಿತ’ ಎಂಬ ಮಾತನ್ನು ಯಾವ ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷಿಸುವುದು?

ಕಾನೂನು ನಮ್ಮ ಪರ ಇದೆ

ಹೀಗೆ ಪರಿಸರದ ಹೆಸರಲ್ಲಿ ಪೊಳ್ಳು ಹೇಳಿಕೆ ಕೊಡುವುದಕ್ಕೆ ‘ಗ್ರೀನ್‌ವಾಷಿಂಗ್’ ಎನ್ನುತ್ತಾರೆ. ಇದನ್ನು ತಡೆಯಲು ನಮ್ಮ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದರ ಪ್ರಕಾರ ‘ಹಸಿರು’, ‘ಪರಿಸರಸ್ನೇಹಿ’, ‘ನೈಸರ್ಗಿಕ’, ‘ಸಾವಯವ’, ‘ಸುಸ್ಥಿರ’ ಮುಂತಾದ ಪದಗಳನ್ನು ಸುಮ್ಮನೆ ಬಳಸುವಂತಿಲ್ಲ. ಅವು ಉತ್ಪನ್ನದ ಯಾವ ಭಾಗಕ್ಕೆ ಅನ್ವಯಿಸುತ್ತವೆ ಎಂದು ವಿವರಿಸಬೇಕು, ಪುರಾವೆ ಇರಬೇಕು, ಆ ವಿವರ ಜಾಹೀರಾತಿನಲ್ಲೋ ಕ್ಯೂಆರ್ ಕೋಡ್ ಅಥವಾ ವೆಬ್ ಕೊಂಡಿಯ ಮೂಲಕವೋ ಗ್ರಾಹಕರಿಗೆ ಸಿಗಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು.

ಇ–ಕಾಮರ್ಸ್ ನಿಯಮಗಳು 2020ರಲ್ಲೇ ಬಂದಿವೆ. ಆನ್‌ಲೈನ್‌ನಲ್ಲಿ ಮಾರುವ ಸಂಸ್ಥೆಗೆ ಕುಂದುಕೊರತೆ ಅಧಿಕಾರಿ ಇರಬೇಕು, ದೂರು ಬಂದ 48 ಗಂಟೆಯೊಳಗೆ ಅದು ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹಾರ ಕೊಡಬೇಕು. ನನಗೆ ಒಂಬತ್ತು ದಿನಕ್ಕೆ ಬಂದ ಕವಿತೆಯಂಥ ಇಮೇಲ್ ಈ ನಿಯಮದ ಪ್ರಕಾರ ಉತ್ತರವೇ ಅಲ್ಲ.

ಹಾಗಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಬಿಲ್, ಟ್ಯಾಗಿನ ಫೋಟೊ, ಒಗೆದ ನೀರಿನ ಫೋಟೊ, ಇಮೇಲ್ ಎಲ್ಲವನ್ನೂ ಲಗತ್ತಿಸಿದೆ. ಇದಕ್ಕೆ ಶುಲ್ಕವಿಲ್ಲ. ಹತ್ತೊಂಬತ್ತನೇ ದಿನ ಪೂರ್ತಿ ಹಣ ವಾಪಸ್ ಬಂತು. ಆದರೆ ನನ್ನ ಆ ಮೂರು ಪ್ರಶ್ನೆಗಳಿಗೆ ಉತ್ತರ ಇಂದಿನವರೆಗೂ ಬಂದಿಲ್ಲ. ಅದೇ ಕುರ್ತಾ ಅದೇ ಮೂರು ಮಾತುಗಳ ಜೊತೆ ಈಗಲೂ ಮಾರಾಟಕ್ಕಿದೆ. ದೂರು ಕೊಟ್ಟ ಒಬ್ಬಳಿಗೆ ಹಣ ಕೊಟ್ಟು ಸುಮ್ಮನಾಗಿಸುವುದು, ಪುರಾವೆ ಒದಗಿಸುವುದಕ್ಕಿಂತ ಅಗ್ಗ.

ನಿಜವಾದ ನಷ್ಟ ಯಾರಿಗೆ?

ನನ್ನ ಕುರ್ತಾ, ರೂಮ್‌ಮೇಟ್‌ನ ಟೀ ಶರ್ಟ್ ನೋಡಿದ ಮೇಲೆ ನಮ್ಮ ಹಾಸ್ಟೆಲ್‌ನ ಕಾರಿಡಾರ್‌ನಲ್ಲಿ ಒಂದು ಮಾತು ಗಟ್ಟಿಯಾಯಿತು: ‘ಇದೆಲ್ಲಾ ಬರೀ ನಾಟಕ ಕಣೇ, 399ರದ್ದೇ ತಗೊಳ್ಳೋಣ, ಹರಿದರೆ ಬಿಸಾಕಿದರಾಯಿತು.’ ನನಗೆ ಕುರ್ತಾಗಿಂತ ಹೆಚ್ಚು ಬೇಸರ ಆದದ್ದು ಈ ಮಾತಿನಿಂದ.

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯ ಉದಾಹರಣೆ ಕೊಟ್ಟು ಒಂದು ಪ್ರಬಂಧ ಬರೆದರು. ಕೊಳ್ಳುವವರಿಗೆ ಒಳ್ಳೆಯ ಕಾರು ಯಾವುದು, ಕೆಟ್ಟದ್ದು ಯಾವುದು ಎಂದು ಗೊತ್ತಾಗದಿದ್ದರೆ ಯಾರೂ ಒಳ್ಳೆಯದಕ್ಕೆ ತಕ್ಕ ಬೆಲೆ ಕೊಡುವುದಿಲ್ಲ. ಆಗ ಒಳ್ಳೆಯ ಕಾರಿನವರು ಮಾರುಕಟ್ಟೆ ಬಿಟ್ಟು ಹೋಗುತ್ತಾರೆ, ಉಳಿಯುವುದು ಕೆಟ್ಟವು. 2001ರಲ್ಲಿ ಅವರಿಗೆ ನೊಬೆಲ್ ಬಂತು. ಹಸಿರು ಬಟ್ಟೆಗಳ ಮಾರುಕಟ್ಟೆಯಲ್ಲಿ ಆಗುತ್ತಿರುವುದು ಇದೇ. ಸುಳ್ಳು ಟ್ಯಾಗ್ ನನ್ನ ದುಡ್ಡನ್ನಷ್ಟೇ ತಿನ್ನುವುದಿಲ್ಲ, ನಿಜವಾಗಿ ನೇಯುವವರ ಗಿರಾಕಿಯನ್ನೂ ತಿನ್ನುತ್ತದೆ.

ನಿಜವಾಗಿ ನೇಯುವವರು ದೂರದಲ್ಲೇನೂ ಇಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡು ಬಳಿಯ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ 1990ರ ದಶಕದಲ್ಲಿ ಶುರುವಾದ ‘ಚರಕ’ ಮಹಿಳಾ ಸಹಕಾರಿ ಸಂಘ ಕೈಮಗ್ಗದ ಬಟ್ಟೆಗೆ ಅಡಿಕೆ ಚೊಗರಿನಂಥ ಸ್ಥಳೀಯ ಬಣ್ಣ ಕಟ್ಟುತ್ತದೆ. ಅಡಿಕೆ ಬೇಯಿಸಿದ ಮೇಲೆ ಉಳಿಯುವ ಕೆಂಪು ರಸವೇ ಬಣ್ಣ. ಯಾರು ಬಣ್ಣ ಹಾಕಿದರು, ಯಾವುದರಿಂದ ಹಾಕಿದರು ಎಂದು ಕೇಳಿದರೆ ಅಲ್ಲಿ ಹೇಳಲು ಉತ್ತರವಿದೆ, ಹೋಗಿ ನೋಡಲು ಊರಿದೆ. ಅಂಥ ಸಂಸ್ಥೆಯೇ 2020ರಲ್ಲಿ ಸಿದ್ಧ ಬಟ್ಟೆ ಮಾರಾಟವಾಗದೆ ತಾನು ದಿವಾಳಿ ಎಂದು ಘೋಷಿಸಿಕೊಳ್ಳಬೇಕಾಯಿತು. ನಾವು ನಂಬಿಕೆ ಕಳೆದುಕೊಂಡು 399ರ ಕಡೆ ತಿರುಗಿದರೆ ಹೆಚ್ಚು ಹೊಡೆತ ಬೀಳುವುದು ಇಂಥವರಿಗೆ. ಬೀಜದ ಕಾಗದದ ಟ್ಯಾಗ್‌ನವರು ನಾಳೆ ಬೇರೆ ಹೆಸರಲ್ಲಿ ಬೇರೆ ಅಂಗಡಿ ತೆರೆಯುತ್ತಾರೆ.

ದುಡ್ಡು ಕೊಡುವ ಮೊದಲು

ಈಗ ನಾವು ಮೂವರೂ ಪಾಲಿಸುವ ಕ್ರಮ ಸರಳ. ಹೊರಗಿನ ಟ್ಯಾಗ್ ಬಿಟ್ಟು ಒಳಗಿನ ಲೇಬಲ್‌ನಲ್ಲಿ ಯಾವ ಎಳೆ, ಎಷ್ಟು ಶೇಕಡ ಎಂದು ಓದುತ್ತೇವೆ. ಆನ್‌ಲೈನ್‌ನಲ್ಲಿ ಅದು ಕಾಣದಿದ್ದರೆ ಕೊಳ್ಳುವ ಮೊದಲೇ ಕೇಳುತ್ತೇವೆ. ‘ಸಾವಯವ’ ಎಂದರೆ ಪ್ರಮಾಣಪತ್ರದ ಸಂಖ್ಯೆ ಕೇಳುತ್ತೇವೆ. ಗಾಟ್ಸ್‌ನ ಸಾರ್ವಜನಿಕ ದತ್ತಾಂಶದಲ್ಲಿ ಕಂಪನಿಯ ಹೆಸರು ಹುಡುಕಲು ಎರಡು ನಿಮಿಷ ಸಾಕು. ‘ಕೈಮಗ್ಗ’ ಎಂದರೆ ಯಾವ ಊರು, ಯಾವ ಸಹಕಾರ ಸಂಘ, ಹ್ಯಾಂಡ್‌ಲೂಮ್ ಮಾರ್ಕ್ ಇದೆಯೇ ಎಂದು ಕೇಳುತ್ತೇವೆ. ಬಣ್ಣ ಹೋದರೆ, ಅಳತೆ ತಪ್ಪಿದರೆ ವಾಪಸ್ ತೆಗೆದುಕೊಳ್ಳುತ್ತೀರಾ ಎಂಬುದನ್ನು ಬರಹದಲ್ಲಿ ಪಡೆಯುತ್ತೇವೆ.

ಅಂಗಡಿಯಲ್ಲಾದರೆ ಒದ್ದೆ ಮಾಡಿದ ಬಿಳಿ ಕರವಸ್ತ್ರದಿಂದ ಒಳಮಡಿಕೆಯನ್ನು ಹತ್ತು ಸಲ ಉಜ್ಜಿ ನೋಡಬಹುದು. ಕೊಂಡ ಬಟ್ಟೆಯ ಹೊಲಿಗೆಯೊಳಗಿನ ಒಂದು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು ಸುಟ್ಟರೆ, ಹತ್ತಿ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ವಿಸ್ಕೋಸ್ ಕೂಡ ಹತ್ತಿಯಂತೆಯೇ ಉರಿಯುತ್ತದೆ, ಅದನ್ನು ಮಾತ್ರ ಹೀಗೆ ಪತ್ತೆಹಚ್ಚಲಾಗದು.

ಸಣ್ಣ ನೇಕಾರರು ಮತ್ತು ಸಂಘಗಳ ಬಳಿ ದುಬಾರಿ ಪ್ರಮಾಣಪತ್ರ ಇಲ್ಲದಿರಬಹುದು. ತಪ್ಪಿಲ್ಲ. ಅವರನ್ನು ಕೇಳಿದರೆ ‘ಹತ್ತಿ ಸಾವಯವ ಅಲ್ಲ, ನೂಲು ಮಿಲ್‌ನದ್ದು, ನೇಯ್ಗೆ ನಮ್ಮದು, ಬಣ್ಣ ಕೆಮಿಕಲ್‌ದೇ’ ಎಂದು ನೇರವಾಗಿ ಹೇಳುತ್ತಾರೆ. ಅಕ್ಕನ ಅತ್ತೆಯ ಪರಿಚಯದ ಒಬ್ಬ ನೇಕಾರರು ಹಾಗೆಯೇ ಹೇಳಿ, ಕೊಂಡಿ ತೋರಿಸಿ ಸೀರೆ ಕೊಟ್ಟರು. ಅಕ್ಕ ಅದನ್ನು ಸಂತೋಷದಿಂದ ಕೊಂಡಳು. ಎಲ್ಲದರಲ್ಲೂ ಪರಿಪೂರ್ಣ ಎಂದು ಹೇಳಿಕೊಳ್ಳುವವರಿಗಿಂತ, ಇಷ್ಟು ಮಾಡಿದ್ದೇವೆ, ಇಷ್ಟು ಮಾಡಿಲ್ಲ ಎಂದು ಹೇಳುವವರ ಮೇಲೆ ನನಗೆ ಈಗ ಹೆಚ್ಚು ನಂಬಿಕೆ.

ನಮ್ಮ ಕೈಯಲ್ಲಿ ಹೆಚ್ಚು ಹಣವಿಲ್ಲ ನಿಜ. ಆದರೆ ಈ ಬ್ರ್ಯಾಂಡ್‌ಗಳ ಜಾಹೀರಾತು ಹುಡುಕಿಕೊಂಡು ಬರುವುದು ನಮ್ಮ ಮೊಬೈಲ್‌ಗೇ. ಕಾಮೆಂಟ್‌ನಲ್ಲಿ ಹೃದಯದ ಚಿಹ್ನೆ ಒತ್ತುವ ಬದಲು ಒಬ್ಬೊಬ್ಬರೂ ಒಂದೊಂದು ಪ್ರಶ್ನೆ ಕೇಳೋಣ: ಯಾವ ಎಳೆ, ಯಾವ ಬಣ್ಣ, ಯಾರ ಕೈ? ಉತ್ತರ ಇದ್ದವರು ಖುಷಿಯಿಂದ ಹೇಳುತ್ತಾರೆ. ಉತ್ತರ ಬಾರದಿದ್ದರೆ 1915 ನೆನಪಿರಲಿ.